ಹಳೆ ಕಾರಿನ ಮ್ಯಾನಿಫೋಲ್ಡ್ ಸದ್ದು: ಎಲ್ಲಿ ಸೋರುತ್ತಿದೆ, ಏಕೆ, ಏನು ಮಾಡಬೇಕು

ಹಳೆ ಕಾರಿನ ಬಾನೆಟ್ ಕೆಳಗಿನಿಂದ ಟಿಕ್ ಟಿಕ್ ಸದ್ದು ಬರತೊಡಗಿದರೆ ಬಹಳ ಜನ ಮೊದಲು ಅನುಮಾನ ಪಡುವುದು ಟ್ಯಾಪೆಟ್ ಮೇಲೆ, ಅಂದರೆ ವಾಲ್ವ್ ತಳ್ಳುವ ಭಾಗದ ಮೇಲೆ. ಟ್ಯಾಪೆಟ್ ಸೆಟ್ ಮಾಡಿಸುತ್ತಾರೆ, ಆಯಿಲ್ ಬದಲಿಸುತ್ತಾರೆ, ಸದ್ದು ಮಾತ್ರ ಹಾಗೇ ಉಳಿಯುತ್ತದೆ. ಇಂಥ ಗಾಡಿಗಳಲ್ಲಿ ಎಷ್ಟೋ ಸಲ ದೋಷ ಇರುವುದು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ. ಹೆಡ್‌ನಿಂದ (ಇಂಜಿನ್ನಿನ ಮೇಲ್ಭಾಗದಿಂದ) ಬರುವ ಬಿಸಿ ಹೊಗೆಯನ್ನೆಲ್ಲ ಒಟ್ಟುಗೂಡಿಸಿ ಸೈಲೆನ್ಸರ್ ಪೈಪಿಗೆ ದಾಟಿಸುವ ಬೀಡಿನ (ಎರಕದ ಕಬ್ಬಿಣದ) ಭಾಗ ಅದು. ಹೆಡ್‌ಗೂ ಅದಕ್ಕೂ ನಡುವೆ ಹೊಗೆ ಸೋರದಂತೆ ತಡೆಯುವ ಒಂದು ಪ್ಯಾಕಿಂಗ್ (ಗ್ಯಾಸ್ಕೆಟ್), ಅದಕ್ಕೂ ಕೆಳಗಿನ ಪೈಪಿಗೂ ನಡುವೆ ಇನ್ನೊಂದು. ಈ ಎರಡು ಜೋಡಣೆಗಳಲ್ಲಿ, ಅವನ್ನು ಹಿಡಿದ, ತಲೆಯಿಲ್ಲದ ಬೋಲ್ಟಿನಂಥ ಸ್ಟಡ್‌ಗಳಲ್ಲಿ ಅಥವಾ ಮ್ಯಾನಿಫೋಲ್ಡ್ ಮೈಯಲ್ಲೇ ಹೊಗೆ ಸೋರಿದರೆ ಸದ್ದು ಹುಟ್ಟುತ್ತದೆ.

ಬಿಚ್ಚುವ ಮುಂಚೆ ಎರಡು ಪ್ರಶ್ನೆಗೆ ಉತ್ತರ ಬೇಕು. ಇಂಜಿನ್ ತಣ್ಣಗಿದ್ದಾಗ ಸದ್ದು ಹೆಚ್ಚೋ, ಕಾದ ಮೇಲೆ ಹೆಚ್ಚೋ? ನಿಂತಲ್ಲೇ ರೇಸ್ ಮಾಡಿದಾಗ ಹೆಚ್ಚೋ, ಲೋಡ್ ಬಿದ್ದಾಗ, ಅಂದರೆ ಏರು ಹತ್ತುವಾಗ ಇಲ್ಲವೇ ಮೂರನೇ ಗೇರಲ್ಲಿ ಒಮ್ಮೆಲೇ ಎಳೆಸಿದಾಗ ಹೆಚ್ಚೋ? ಗ್ಯಾರೇಜಿಗೆ ಹೋಗಿ "ಸದ್ದು ಬರ್ತದ" ಎಂದಷ್ಟೇ ಹೇಳಿದರೆ ಮಿಸ್ತ್ರಿಯೂ ಊಹೆಯ ಮೇಲೇ ಬಿಚ್ಚಬೇಕಾಗುತ್ತದೆ. ಈ ಎರಡು ಉತ್ತರ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ.

ಗಾಡಿಯೊಳಗೆ ಹೊಗೆ ವಾಸನೆ, ತಲೆನೋವು, ತಲೆಸುತ್ತು

ಇದು ಕಂಡರೆ ಮಿಕ್ಕ ಯಾವ ಪರೀಕ್ಷೆಯನ್ನೂ ಓಡುವ ಗಾಡಿಯಲ್ಲಿ ಮಾಡಬೇಡಿ. ಮ್ಯಾನಿಫೋಲ್ಡ್‌ನಿಂದ ಸೋರುವ ಹೊಗೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ದಾಟಿ ಬಂದದ್ದಲ್ಲ. ಪೆಟ್ರೋಲ್ ಗಾಡಿಯಾದರೆ ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಹೆಚ್ಚಿರುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮೂಗಿಗೆ ಬಡಿಯುವುದು ಅದರ ಜೊತೆಗಿರುವ ಹೊಗೆ ಮಾತ್ರ. ಹಾಗಾಗಿ ವಾಸನೆ ಕಡಿಮೆ ಇದೆ ಎಂದು ಧೈರ್ಯ ತಾಳುವಂತಿಲ್ಲ. ತಲೆನೋವು, ತೂಕಡಿಕೆ, ವಾಕರಿಕೆಗಳಲ್ಲಿ ಒಂದು ಕಾಣಿಸಿಕೊಂಡರೂ ಗಾಡಿ ನಿಲ್ಲಿಸಿ, ಎಲ್ಲರೂ ಇಳಿದು ಗಾಳಿಗೆ ಬನ್ನಿ. ಯಾರಾದರೂ ಮಂಕಾಗಿದ್ದರೆ, ಮಾತು ತೊದಲುತ್ತಿದ್ದರೆ ನೇರ ಆಸ್ಪತ್ರೆಗೆ, ಬೇರೆ ಗಾಡಿಯಲ್ಲಿ.

ಓಮ್ನಿ ಇಟ್ಟುಕೊಂಡವರು ಇದನ್ನು ಎರಡು ಸಲ ಓದಬೇಕು. ಅದರ ಇಂಜಿನ್ ಮುಂದಿನ ಸೀಟಿನ ಕೆಳಗೇ ಇದೆ. ಸೀಟಿನಡಿಯ ಮುಚ್ಚಳದ ರಬ್ಬರ್ ಹರಿದಿದ್ದರೆ ಸೋರಿದ ಹೊಗೆಗೆ ನೇರ ದಾರಿ ಗಾಡಿಯೊಳಕ್ಕೆ. ಶಾಲೆ ಮಕ್ಕಳನ್ನು ಕೂರಿಸಿಕೊಳ್ಳುವ ಓಮ್ನಿಯಲ್ಲಿ ಟಿಕ್ ಟಿಕ್ ಸದ್ದು ಕೇಳಿಸಿತೆಂದರೆ ಅದನ್ನು ಅವತ್ತೇ ನೋಡಿಸಿ, ಮುಚ್ಚಳದ ರಬ್ಬರನ್ನೂ ಹೊಸದು ಹಾಕಿಸಿ.

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ ಕಡೆ ಬಿಸಿಲು 40 ಡಿಗ್ರಿ ದಾಟುವಾಗ ಗಾಡಿ ನಿಲ್ಲಿಸಿ, ಗ್ಲಾಸ್ ಏರಿಸಿ, ಏಸಿ ಹಾಕಿಕೊಂಡು ನಿದ್ದೆ ಮಾಡುವ ರೂಢಿ ಡ್ರೈವರ್‌ಗಳಲ್ಲಿದೆ. ಮ್ಯಾನಿಫೋಲ್ಡ್ ಸೋರುವ ಗಾಡಿಯಲ್ಲಿ ಇದು ಜೀವಕ್ಕೇ ಅಪಾಯ.

ಒಂದು ವೇಗದಲ್ಲಿ ಮಾತ್ರ ಝಣಝಣ, ತಗಡು ಅದುರಿದಂಥ ಸದ್ದು

ಎಲ್ಲಕ್ಕಿಂತ ಅಗ್ಗದ ದೋಷ ಇದು. ಮ್ಯಾನಿಫೋಲ್ಡ್ ಮೇಲೆ ಮುಚ್ಚಿರುವ ಹೀಟ್ ಶೀಲ್ಡ್, ಅಂದರೆ ತೆಳು ತಗಡು, ಅದರ 10 ನಂಬರ್ ಬೋಲ್ಟ್‌ಗಳ ಸುತ್ತ ತುಕ್ಕು ಹಿಡಿದು ತೂತು ದೊಡ್ಡದಾಗಿ ಅಲುಗಾಡುತ್ತಿರುತ್ತದೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ತಗಡಿನ ಮೇಲೆ ಮೆಲ್ಲಗೆ ತಟ್ಟಿ. ಅದೇ ಝಣಝಣ ಮರುಕಳಿಸಿದರೆ ಕಾರಣ ಸಿಕ್ಕಿತು. ಬೋಲ್ಟ್ ತಲೆಗಿಂತ ತೂತು ದೊಡ್ಡದಾಗಿದ್ದರೆ ಅಗಲವಾದ ಕಬ್ಬಿಣದ ವಾಷರ್ ಕೊಟ್ಟು ಬಿಗಿಯಿರಿ. ಕೆಳಗಿನ ಪೈಪಿನ ಶೀಲ್ಡ್ ಆದರೆ ಸ್ಟೀಲ್ ಹೋಸ್ ಕ್ಲಿಪ್ ಸುತ್ತಿ ಹಿಡಿಸಬಹುದು.

ಕಿರಿಕಿರಿ ತಪ್ಪಲಿ ಎಂದು ತಗಡನ್ನೇ ಕಿತ್ತೆಸೆಯುವುದು ಬೇಡ. ಪಕ್ಕದ ವೈರು, ರಬ್ಬರ್ ಪೈಪು, ಬ್ರೇಕ್ ಹೋಸ್‌ಗಳನ್ನು ಕಾಯುವುದು ಅದೇ. ಸುಗ್ಗಿಯಲ್ಲಿ ನಮ್ಮ ಕಡೆ ಜೋಳ, ಹುರುಳಿ, ತೊಗರಿಯನ್ನು ಡಾಂಬರು ರಸ್ತೆ ಮೇಲೇ ಹರವಿ ಒಕ್ಕಣೆ ಮಾಡುತ್ತಾರೆ. ಅದರ ಮೇಲೆ ಓಡಿದ ಕಾರಿನ ಅಡಿಗೆ ಸೊಪ್ಪೆ, ಹೊಟ್ಟು ಸುತ್ತಿಕೊಂಡು ಕಾದ ಪೈಪಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಅಂಥ ರಸ್ತೆ ದಾಟಿದ ಮೇಲೆ ಒಮ್ಮೆ ಇಳಿದು ಅಡಿಗೆ ನೋಡುವುದು ಒಳ್ಳೆಯದು. ಶೀಲ್ಡ್ ಇಲ್ಲದ ಗಾಡಿಯಾದರೆ ನೋಡಲೇಬೇಕು.

ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್, ಕಾದ ಮೇಲೆ ಮಾಯ

ಮ್ಯಾನಿಫೋಲ್ಡ್ ಸೋರಿಕೆಯ ಅಚ್ಚೊತ್ತಿದ ಲಕ್ಷಣ ಇದು. ಬೀಡು ಕಾದಾಗ ಹಿಗ್ಗುತ್ತದೆ. 30 ಸೆಂ.ಮೀ. ಉದ್ದದ ಮ್ಯಾನಿಫೋಲ್ಡ್‌ನ ಬಿಸಿ 500 ಡಿಗ್ರಿ ಏರಿದರೆ ಅದು ಸುಮಾರು ಒಂದೂವರೆ ಮಿ.ಮೀ. ಬೆಳೆಯುತ್ತದೆ. ಆ ಹಿಗ್ಗುವಿಕೆಯಲ್ಲಿ ಸಣ್ಣ ಸಂದು, ಸಣ್ಣ ಬಿರುಕು ಮುಚ್ಚಿಕೊಂಡು ಸದ್ದು ನಿಲ್ಲುತ್ತದೆ. ತಣ್ಣಗಾದರೆ ಮತ್ತೆ ತೆರೆದುಕೊಳ್ಳುತ್ತದೆ. ಸದ್ದು ನಿಂತಿತು ಎಂದರೆ ದೋಷ ಹೋಯಿತು ಎಂದಲ್ಲ. ಪ್ರತಿ ಸಲ ತೆರೆದಾಗಲೂ ಬಿಸಿ ಹೊಗೆ ಪ್ಯಾಕಿಂಗನ್ನು ಒಂದಿಷ್ಟು ಸುಡುತ್ತದೆ, ಸಂದು ಅಗಲವಾಗುತ್ತ ಹೋಗುತ್ತದೆ.

ಪರೀಕ್ಷೆಗೆ ಗಾಡಿ ರಾತ್ರಿಯೆಲ್ಲ ನಿಂತಿರಬೇಕು. ಬೆಳಗ್ಗೆ ಬಾನೆಟ್ ಎತ್ತಿಟ್ಟು, ಬಯಲಲ್ಲಿ, ಇನ್ನೊಬ್ಬರಿಂದ ಸ್ಟಾರ್ಟ್ ಮಾಡಿಸಿ. ನಿಮಗೆ ಸಿಗುವುದು ಮೊದಲ ಒಂದೆರಡು ನಿಮಿಷ ಮಾತ್ರ, ಹಾಗಾಗಿ ಎಲ್ಲ ಸಿದ್ಧವಿಟ್ಟುಕೊಂಡೇ ಶುರು ಮಾಡಿ. ಒಂದು ಮೀಟರ್ ಉದ್ದದ ರಬ್ಬರ್ ಪೈಪ್ ತೆಗೆದುಕೊಂಡು ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಮ್ಯಾನಿಫೋಲ್ಡ್‌ನ ಒಂದೊಂದು ಕವಲಿನ ಬುಡಕ್ಕೆ ಒಂದು ಗೇಣು ದೂರದಲ್ಲಿ ತನ್ನಿ. ಸೋರುವ ಕವಲಿನ ಬಳಿ ಸದ್ದು ಕಿವಿಯೊಳಗೇ ಹೊಡೆದಂತೆ ಜೋರಾಗುತ್ತದೆ. ಅಂಗಿ ತೋಳು, ಟವೆಲ್, ಪೈಪಿನ ತುದಿ ಬೆಲ್ಟ್‌ಗೂ ಫ್ಯಾನಿಗೂ ಸಿಗದಂತೆ ನೋಡಿಕೊಳ್ಳಿ. ಕರೆಂಟಿನ ರೇಡಿಯೇಟರ್ ಫ್ಯಾನ್ ಕಾದ ಇಂಜಿನ್‌ನಲ್ಲಿ ಯಾವ ಗಳಿಗೆಯಲ್ಲಾದರೂ ತಾನಾಗಿ ತಿರುಗಬಹುದು. ಸೋರಿಕೆ ಹುಡುಕಲು ಬರಿಗೈ ಒಡ್ಡಬೇಡಿ. ಪೆಟ್ರೋಲ್ ಗಾಡಿಯಲ್ಲಿ ಊದುಬತ್ತಿ ಹೊಗೆ ಹಿಡಿದು ನೋಡುವ ಪದ್ಧತಿಯನ್ನೂ ಬಿಡಿ.

ಇಂಜಿನ್ ಆಫ್ ಮಾಡಿ, ಆರಿದ ಮೇಲೆ ಟಾರ್ಚ್ ಹಿಡಿದು ಹೆಡ್ ಮತ್ತು ಮ್ಯಾನಿಫೋಲ್ಡ್ ಸೇರುವ ಗೆರೆಯನ್ನು ನೋಡಿ. ಸೋರುವಲ್ಲಿ ಮಸಿಯ ಬೀಸಣಿಗೆ ಬಿಚ್ಚಿದಂಥ ಕಲೆ ಇರುತ್ತದೆ. ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಗಳಲ್ಲಿ ಇದು ಇನ್ನೂ ಸುಲಭ. ಇಡೀ ಮ್ಯಾನಿಫೋಲ್ಡ್ ಮೇಲೆ ಅದಿರಿನ ಕೆಂಪು ಧೂಳು ಕೂತಿರುತ್ತದೆ, ಸೋರುವ ಕಡೆ ಮಾತ್ರ ಧೂಳು ಹಾರಿಹೋಗಿ ಕಪ್ಪು ಇಲ್ಲವೇ ಬೂದು ಬಣ್ಣದ ಬೆತ್ತಲೆ ಜಾಗ ಕಾಣುತ್ತದೆ. ಅದಕ್ಕೇ ಗ್ಯಾರೇಜಿಗೆ ಹೋಗುವ ಮುಂಚೆ ಇಂಜಿನ್ ತೊಳೆಸಬೇಡಿ. ಗುರುತೆಲ್ಲ ನೀರಿನ ಜೊತೆ ಹೋಗಿಬಿಡುತ್ತದೆ.

ಕಲೆಯ ಪಕ್ಕದ ನಟ್ ಸಡಿಲವಿದೆಯೇ ಎಂಬುದು ಮುಂದಿನ ಪರೀಕ್ಷೆ. ಸಾಮಾನ್ಯವಾಗಿ ಎಂ8 (8 ಮಿ.ಮೀ. ದಪ್ಪದ) ಸ್ಟಡ್ ಇರುತ್ತದೆ. ಮಾರುತಿಯಂಥ ಗಾಡಿಗಳಲ್ಲಿ 12 ನಂಬರ್ ಪಾನಾ, ಬೇರೆ ಕೆಲವಲ್ಲಿ 13. ಇಂಜಿನ್ ತಣ್ಣಗಿರುವಾಗಲೇ ಬಿಗಿಯಬೇಕು. ನಡುವಿನ ನಟ್‌ನಿಂದ ಶುರು ಮಾಡಿ ಎಡಕ್ಕೊಂದು ಬಲಕ್ಕೊಂದು ಎಂದು ಹೊರಗೆ ಹೋಗಿ. ಟಾರ್ಕ್, ಅಂದರೆ ಬಿಗಿಯುವ ಬಲ, ಎಷ್ಟು ಎಂಬುದನ್ನು ನಿಮ್ಮ ಗಾಡಿಯ ಕೈಪಿಡಿ ನೋಡಿಯೇ ತಿಳಿಯಿರಿ. ಎಂ8 ನಟ್‌ಗೆ ಬಹುಪಾಲು 18ರಿಂದ 25 ನ್ಯೂಟನ್-ಮೀಟರ್ ನಡುವೆ ಇರುತ್ತದೆ. ಉದ್ದ ಪೈಪ್ ಹಾಕಿ ಎಳೆದರೆ ಸ್ಟಡ್ ತುಂಡಾಗುತ್ತದೆ, ಅಲ್ಲಿಂದ ನೂರು ರೂಪಾಯಿಯ ಕೆಲಸ ಸಾವಿರಗಳಿಗೆ ಹೋಗುತ್ತದೆ. ಪಾನಾಕ್ಕೆ ನಟ್ ಮೆತ್ತಗೆ ತಿರುಗುತ್ತಲೇ ಹೋದರೆ, ಬಿಗಿ ಸಿಗದಿದ್ದರೆ, ತಕ್ಷಣ ನಿಲ್ಲಿಸಿ. ಸ್ಟಡ್ ಹಿಗ್ಗುತ್ತಿದೆ ಇಲ್ಲವೇ ಹೆಡ್‌ನ ಮರೆ (ಥ್ರೆಡ್) ಕಿತ್ತು ಬರುತ್ತಿದೆ ಎಂದರ್ಥ.

ಬಿಗಿದ ಮೇಲೆ ಸದ್ದು ನಿಂತು ಒಂದೆರಡು ವಾರದಲ್ಲಿ ಮರಳಿದರೆ ಪ್ಯಾಕಿಂಗ್ ಸುಟ್ಟಿದೆ, ಇಲ್ಲವೇ ಮ್ಯಾನಿಫೋಲ್ಡ್ ಸೊಟ್ಟಗಾಗಿದೆ. ಇನ್ನೊಮ್ಮೆ ಬಿಗಿಯುವುದರಲ್ಲಿ ಪ್ರಯೋಜನವಿಲ್ಲ.

ಟ್ಯಾಪೆಟ್ಟೋ, ಸೋರಿಕೆಯೋ?

ಕಿವಿಗೆ ಎರಡೂ ಒಂದೇ ತಾಳ. ಪ್ರತಿ ಸಿಲಿಂಡರ್ ಇಂಜಿನ್‌ನ ಎರಡು ಸುತ್ತಿಗೆ ಒಮ್ಮೆ ಹೊಗೆ ಬಿಡುತ್ತದೆ, ಅದರ ವಾಲ್ವೂ ಎರಡು ಸುತ್ತಿಗೆ ಒಮ್ಮೆ ಬಡಿಯುತ್ತದೆ. 800 ಆರ್‌ಪಿಎಂ ಐಡ್ಲಿಂಗಿನಲ್ಲಿ ಎರಡೂ ನಿಮಿಷಕ್ಕೆ 400 ಸಲ. ಆದ್ದರಿಂದ ವೇಗ ಎಣಿಸಿ ಬೇರ್ಪಡಿಸಲಾಗದು.

ಬೇರ್ಪಡಿಸುವುದು ಲೋಡ್. ಗಾಡಿ ಓಡುವಾಗ ಒಂದು ಬದಿಯ ಗೋಡೆಯ ಪಕ್ಕ ನಿಧಾನ ಹೋಗಿ, ಗ್ಲಾಸ್ ಇಳಿಸಿ, ಆಕ್ಸಿಲರೇಟರ್ ಒತ್ತಿ ಎಳೆಸಿ. ಸೋರಿಕೆಯ ಸದ್ದು ಒತ್ತಿದಾಗ ಗಟ್ಟಿಯಾಗಿ, ಬಿಟ್ಟ ತಕ್ಷಣ ಸತ್ತುಹೋಗುತ್ತದೆ. ಟ್ಯಾಪೆಟ್ ಸದ್ದು ಒತ್ತಿದರೂ ಬಿಟ್ಟರೂ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಇಂಜಿನ್ ವೇಗವನ್ನಷ್ಟೇ ಹಿಂಬಾಲಿಸುತ್ತದೆ. ಟ್ಯಾಪೆಟ್ ಸದ್ದು ಮೇಲಿನ ಕವರ್‌ನಿಂದ ಬರುತ್ತದೆ, ಲೋಹಕ್ಕೆ ಲೋಹ ತಾಗಿದ ಒಣ ಸದ್ದು. ಸೋರಿಕೆಯದು ಬದಿಯಿಂದ ಬರುತ್ತದೆ, ಅದರಲ್ಲಿ ಉಸಿರು ಬೆರೆತಿರುತ್ತದೆ.

ಇನ್ನೊಂದು ಪರೀಕ್ಷೆ ಪೆಟ್ರೋಲ್ ಗಾಡಿಗೆ ಮಾತ್ರ. ಇಂಜಿನ್ ಆಫ್ ಮಾಡಿ ಒಂದು ಸಿಲಿಂಡರಿನ ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ಭಾಗ) ಪಿನ್ ತೆಗೆದು, ಸ್ಟಾರ್ಟ್ ಮಾಡಿ ಕೇಳಿ. ಆ ಸಿಲಿಂಡರ್ ಸೋರುತ್ತಿದ್ದರೆ ಸದ್ದು ಒಮ್ಮೆಲೇ ಕುಗ್ಗುತ್ತದೆ. ಟ್ಯಾಪೆಟ್ ಆಗಿದ್ದರೆ ಬದಲಾಗುವುದಿಲ್ಲ. ಪಿನ್ ತೆಗೆದಾಗ ಚೆಕ್ ಇಂಜಿನ್ ಲೈಟ್ ಹತ್ತಬಹುದು, ಗಾಬರಿ ಬೇಡ. ಕಾರ್ಬುರೇಟರ್ ಗಾಡಿಯಲ್ಲಿ ಪ್ಲಗ್ ವೈರ್ ತೆಗೆಯಬೇಕಾಗುತ್ತದೆ. ತೆಗೆದ ವೈರಿಗೆ ಬೇರೊಂದು ಪ್ಲಗ್ ಸಿಕ್ಕಿಸಿ ಅದನ್ನು ಇಂಜಿನ್ ಮೈಗೆ, ಪೆಟ್ರೋಲ್ ಪೈಪಿನಿಂದ ದೂರದಲ್ಲಿ, ಭದ್ರವಾಗಿ ಅರ್ತ್ ಮಾಡಿಯೇ ಸ್ಟಾರ್ಟ್ ಮಾಡಿ. ಓಡುವ ಇಂಜಿನ್‌ನಲ್ಲಿ ಬರಿಗೈಯಿಂದ ವೈರ್ ಕೀಳಬೇಡಿ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ವೈರ್ ತೆಗೆದು ಓಡಿಸಿದರೆ ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದು ಕೆಂಪಗೆ ಕಾಯುತ್ತದೆ. ಅಲ್ಲಿ ಇಂಜೆಕ್ಟರ್ ಪಿನ್ ದಾರಿಯೇ ಸರಿ.

ಹಳೆ ಮೆಕ್ಯಾನಿಕಲ್ ಪಂಪಿನ ಡೀಸೆಲ್‌ನಲ್ಲಿ ಮಿಸ್ತ್ರಿಗಳು ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಇದೇ ಪರೀಕ್ಷೆ ಮಾಡುತ್ತಾರೆ. ಕಾಮನ್ ರೈಲ್, ಅಂದರೆ ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಹೊಸ ಬಗೆಯ ಇಂಜಿನ್‌ನಲ್ಲಿ ಅದನ್ನು ಎಂದೂ ಮಾಡಕೂಡದು. ಅಲ್ಲಿ 1000 ಬಾರ್‌ಗೂ ಮೀರಿದ ಒತ್ತಡವಿರುತ್ತದೆ, ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಸೋರಿಕೆಯಂತೆಯೇ ಕೇಳಿಸುವ ಇನ್ನೆರಡು ಇವೆ. ಸರಿಯಾಗಿ ಬಿಗಿಯದ ಸ್ಪಾರ್ಕ್ ಪ್ಲಗ್‌ನಿಂದ ಕಂಪ್ರೆಷನ್ ಹೊರಬಂದರೂ ಟಿಕ್ ಟಿಕ್ ಎನ್ನುತ್ತದೆ. ಡೀಸೆಲ್‌ನಲ್ಲಿ ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಹೋದರೆ ಚಫ್ ಚಫ್ ಸದ್ದು ಬಂದು ಇಂಜೆಕ್ಟರ್ ಸುತ್ತ ಡಾಂಬರಿನಂಥ ಕರಿ ಗಟ್ಟಿಯಾಗುತ್ತದೆ. ಮ್ಯಾನಿಫೋಲ್ಡ್ ಬಿಚ್ಚುವ ಮೊದಲು ಈ ಎರಡನ್ನೂ ನೋಡಿ ತಳ್ಳಿಹಾಕಿ, ಐದು ನಿಮಿಷದ ಕೆಲಸ.

ಕಾದ ಮೇಲೂ ಹೋಗದ ಫಟ್ ಫಟ್, ಟ್ರ್ಯಾಕ್ಟರ್‌ನಂತೆ ಗಡಸು ಸದ್ದು

ಇಲ್ಲಿ ಸಂದು ದೊಡ್ಡದು. ಪ್ಯಾಕಿಂಗ್ ಒಂದು ಕಡೆ ಪೂರ್ತಿ ಸುಟ್ಟುಹೋಗಿರಬಹುದು, ಸ್ಟಡ್ ತುಂಡಾಗಿರಬಹುದು, ಬೀಡು ಬಿರುಕು ಬಿಟ್ಟಿರಬಹುದು, ಇಲ್ಲವೇ ಕೆಳಗಿನ ಪೈಪ್ ಸೇರುವ ಫ್ಲ್ಯಾಂಜ್‌ನ ರಿಂಗ್ ಪ್ಯಾಕಿಂಗ್ ಪುಡಿಯಾಗಿರಬಹುದು. ಮೊದಲು ನೋಡಬೇಕಾದ್ದು ಕೊನೆಯದ್ದನ್ನೇ. ಅದನ್ನು ಬದಲಿಸಲು ಮ್ಯಾನಿಫೋಲ್ಡ್ ಬಿಚ್ಚಬೇಕಿಲ್ಲ, ಎರಡು ಮೂರು ನಟ್ ಸಾಕು. ಕೆಲವು ಗಾಡಿಗಳಲ್ಲಿ ಆ ಬೋಲ್ಟ್‌ಗಳಿಗೆ ಸ್ಪ್ರಿಂಗ್ ಇರುತ್ತದೆ. ಸ್ಪ್ರಿಂಗ್ ಸತ್ತಿದ್ದರೆ ಹೊಸ ರಿಂಗ್ ಹಾಕಿದರೂ ಸೋರುತ್ತದೆ.

ಸದ್ದು ಮೇಲಿಂದಲೋ ಕೆಳಗಿಂದಲೋ ತಿಳಿಯದಿದ್ದರೆ ದಪ್ಪ ಕೈಗವಸು ಹಾಕಿ, ಒದ್ದೆ ಗೋಣಿಚೀಲ ಮಡಚಿ ಸೈಲೆನ್ಸರ್ ಬಾಯಿಗೆ ಎರಡು ಮೂರು ಸೆಕೆಂಡ್ ಒತ್ತಿ. ಹೊಗೆಗೆ ದಾರಿ ಕಡಿಮೆಯಾಗಿ ಸೋರುವ ಕಡೆ ಸದ್ದು ಎದ್ದು ಕೇಳಿಸುತ್ತದೆ, ಬಾನೆಟ್ ಬಳಿ ನಿಂತವರು ಅದನ್ನು ಗುರುತಿಸಬಹುದು. ಬಯಲಲ್ಲೇ ಮಾಡಿ, ಶೆಡ್ಡಿನೊಳಗೆ ಬೇಡ.

ಬಿರುಕು ಬಹುಪಾಲು ಕವಲುಗಳು ಸೇರುವ ಕವೆಯಲ್ಲೋ, ಕೊನೆಯ ಸಿಲಿಂಡರಿನ ಕವಲಿನ ಬಾಗಿನಲ್ಲೋ ಹುಟ್ಟುತ್ತದೆ. ಕಾದ ಬೀಡಿನ ಮೇಲೆ ಒಮ್ಮೆಲೇ ತಣ್ಣೀರು ಬಿದ್ದದ್ದು ದೊಡ್ಡ ಕಾರಣ. ಬೇಸಿಗೆಯ ಮಧ್ಯಾಹ್ನ ಗಾಡಿ ಓಡಿಸಿಕೊಂಡು ಬಂದು ಹಾಗೇ ವಾಟರ್ ಸರ್ವಿಸ್‌ಗೆ ನಿಲ್ಲಿಸುವುದು, ಗಂಗಾವತಿ, ಸಿಂಧನೂರು ಕಡೆ ಕಾಲುವೆ ನೀರು ಹರಿದ ರಸ್ತೆಯಲ್ಲಿ ವೇಗವಾಗಿ ನುಗ್ಗಿಸುವುದು ಎರಡೂ ಅದನ್ನೇ ಮಾಡುತ್ತವೆ. ತೊಳೆಸುವ ಮುಂಚೆ ಬೇಸಿಗೆಯಲ್ಲಿ ಎರಡು ತಾಸಾದರೂ ಬಿಡಿ.

ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟ್ ಪಟ್, ಮೈಲೇಜ್ ಇಳಿಕೆ

ಸೋರುವ ಸಂದು ಹೊಗೆಯನ್ನು ಹೊರಗೆ ಬಿಡುವುದಷ್ಟೇ ಅಲ್ಲ, ಎರಡು ಬಡಿತಗಳ ನಡುವೆ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಗಾಳಿ ಉರಿಯದ ಪೆಟ್ರೋಲ್ ಆವಿಗೆ ಸೇರಿ ಸೈಲೆನ್ಸರ್‌ನಲ್ಲಿ ಹೊತ್ತಿಕೊಂಡಾಗ ಪಟ್ ಎನ್ನುತ್ತದೆ. ಆಕ್ಸಿಜನ್ ಸೆನ್ಸರ್ ಇರುವ ಗಾಡಿಯಲ್ಲಿ ಸೋರಿಕೆ ಸೆನ್ಸರ್‌ಗಿಂತ ಮೇಲಿದ್ದರೆ ಈ ಗಾಳಿಯನ್ನು ಸೆನ್ಸರ್ ಓದಿ, ಪೆಟ್ರೋಲ್ ಸಾಲುತ್ತಿಲ್ಲ ಎಂದು ಕಂಪ್ಯೂಟರಿಗೆ ತಿಳಿಸುತ್ತದೆ, ಕಂಪ್ಯೂಟರ್ ಹೆಚ್ಚು ಸುರಿಯುತ್ತದೆ. ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಬೀಳುತ್ತದೆ. ಸ್ಕ್ಯಾನರ್ ಹಚ್ಚಿ ಲೀನ್ (ಪೆಟ್ರೋಲ್ ಸಾಲದು ಎಂಬ) ಕೋಡ್ ಬಂತೆಂದು ಹೊಸ ಸೆನ್ಸರ್ ಕೊಳ್ಳುವ ಮುಂಚೆ ಮ್ಯಾನಿಫೋಲ್ಡ್ ಪ್ಯಾಕಿಂಗ್ ನೋಡಿ. ಬೆಲೆಯಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ.

ಹಳೆಯ ಪೆಟ್ರೋಲ್ ಅಂಬಾಸಿಡರ್‌ನಲ್ಲಿ ಗಾಳಿ ಎಳೆಯುವ ಮ್ಯಾನಿಫೋಲ್ಡೂ ಹೊಗೆಯದ್ದೂ ಒಂದೇ ಬದಿಗಿವೆ, ಪ್ಯಾಕಿಂಗೂ ಒಂದೇ. ಅದು ಹೋದರೆ ಸದ್ದಿನ ಜೊತೆ ಐಡ್ಲಿಂಗ್ ಕೂಡ ಏರುಪೇರಾಗುತ್ತದೆ. ಕಾರ್ಬುರೇಟರ್ ತೊಟ್ಟಿಕ್ಕುತ್ತಿದ್ದರೆ ಪೆಟ್ರೋಲ್ ಬೀಳುವುದು ಕಾದ ಬೀಡಿನ ಮೇಲೆಯೇ. ಅಂಥ ಗಾಡಿಯನ್ನು ಸ್ಟಾರ್ಟ್ ಮಾಡದೆ ಮೊದಲು ಕಾರ್ಬುರೇಟರ್ ಸರಿಮಾಡಿಸಿ.

ಟರ್ಬೊ ಡೀಸೆಲ್ ಗಾಡಿಯಲ್ಲಿ ಪಿಕಪ್ ಕಡಿಮೆಯಾಗಿ, ಕರಿ ಹೊಗೆ ಬಂದು, ಎಳೆಸುವಾಗ ಚುಯ್ ಎಂಬ ಸದ್ದಿದ್ದರೆ ಟರ್ಬೊ ಮುಂಚಿನ ಸೋರಿಕೆಯಿರಬಹುದು. ಟರ್ಬೊ ತಿರುಗಿಸಬೇಕಾದ ಹೊಗೆ ಹೊರಗೇ ಹೋಗುತ್ತಿದೆ. ಟರ್ಬೊ ರಿಪೇರಿಗೆ ಒಪ್ಪುವ ಮುಂಚೆ ಅದರ ಫ್ಲ್ಯಾಂಜ್ ಸುತ್ತ ಮಸಿ ಹುಡುಕಿ.

ಸದ್ದಿದೆ, ಜಾಗ ಸಿಗುತ್ತಿಲ್ಲ

ಪಂಕ್ಚರ್ ಅಂಗಡಿಯ ಗಾಳಿ, ಸೋಪಿನ ನೀರು ಸಾಕು. ಪೂರ್ತಿ ತಣ್ಣಗಿರುವ ಗಾಡಿಯ ಸೈಲೆನ್ಸರ್ ಬಾಯಿಗೆ ಗಾಳಿ ಪೈಪ್ ಇಟ್ಟು ಸುತ್ತ ಬಟ್ಟೆ ತುರುಕಿ. ಗಾಳಿ ಮೆಲ್ಲಗೆ ಬಿಡಿ, 0.2ರಿಂದ 0.3 ಬಾರ್ ದಾಟಬೇಕಿಲ್ಲ, ಅಂದರೆ ಕೊಳಾಯಿ ಬರೀ ಸಂದು ತೆರೆದಷ್ಟು. ತೆರೆದಿರುವ ವಾಲ್ವಿನಿಂದ ಒಂದಷ್ಟು ಗಾಳಿ ಇಂಜಿನ್‌ನೊಳಗೆ ಹೋಗುತ್ತದೆ, ಪರವಾಗಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರನ್ನು ಸ್ಪ್ರೇ ಬಾಟಲಿಯಿಂದ ಮೇಲಿನ ಪ್ಯಾಕಿಂಗ್ ಗೆರೆ, ಕವೆ, ಫ್ಲ್ಯಾಂಜ್, ಸೆನ್ಸರ್ ಬುಡ ಎಲ್ಲಕ್ಕೂ ಹೊಡೆಯಿರಿ. ಗುಳ್ಳೆ ಎದ್ದಲ್ಲಿ ಚಾಕ್‌ಪೀಸ್‌ನಿಂದ ಗುರುತು ಹಾಕಿ. ಕೂದಲೆಳೆಯಷ್ಟು ಸಣ್ಣ ಬಿರುಕೂ ಇದರಲ್ಲಿ ಸಿಕ್ಕಿಬೀಳುತ್ತದೆ.

ತುಕ್ಕು ಹಿಡಿದ ನಟ್, ತುಂಡಾದ ಸ್ಟಡ್

ಇಡೀ ಕೆಲಸದಲ್ಲಿ ಹಣ ಹೋಗುವುದು ಇಲ್ಲೇ, ಹಾಗಾಗಿ ಆತುರ ಬೇಡ. ಬ್ಯಾಟರಿಯ ನೆಗೆಟಿವ್ ತೆಗೆದಿಡಿ. ಹಿಂದಿನ ದಿನ ಸಂಜೆಯೇ ಎಲ್ಲ ನಟ್‌ಗಳಿಗೂ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಬೆಳಗ್ಗೆ ಇನ್ನೊಮ್ಮೆ ಹೊಡೆಯಿರಿ. ತಂತಿ ಬ್ರಷ್‌ನಿಂದ ಸ್ಟಡ್‌ನ ತುದಿ ಮರೆ ಉಜ್ಜಿ. ಆರು ಮೂಲೆಯ ಬಾಕ್ಸ್ ಪಾನಾ ಹಾಕಿ ಮೊದಲು ಕೂದಲಷ್ಟು ಬಿಗಿಯುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ, ಹೀಗೆ ಹಿಂದೆ ಮುಂದೆ ಆಡಿಸುತ್ತ ತೆಗೆಯಿರಿ. ಬಿಚ್ಚುವ ಕ್ರಮ ಬಿಗಿಯುವ ಕ್ರಮಕ್ಕೆ ತಿರುಗುಮುರುಗು, ಎರಡು ತುದಿಯಿಂದ ನಡುವಿಗೆ. ನಟ್ ಜೊತೆ ಸ್ಟಡ್ಡೇ ತಿರುಗಿ ಹೊರಬಂದರೆ ಬರಲಿ, ಹೊಸ ಸ್ಟಡ್ ಹಾಕಿದರಾಯಿತು.

ಸ್ಟಡ್ ತುಂಡಾದರೆ ಎಷ್ಟು ಹೊರಗೆ ಉಳಿದಿದೆ ನೋಡಿ. ಎರಡು ನಟ್ ಕೂರುವಷ್ಟಿದ್ದರೆ ಒಂದಕ್ಕೊಂದು ಬಿಗಿದು ಒಳಗಿನ ನಟ್ ಹಿಡಿದು ತಿರುಗಿಸಿ. ಐದಾರು ಮಿ.ಮೀ. ಇದ್ದರೆ ವೆಲ್ಡರ್ ಅದರ ಮೇಲೆ ನಟ್ ಇಟ್ಟು ಬೆಸೆದು ತೆಗೆಯಬಲ್ಲ; ಬೆಸುಗೆಯ ಕಾವಿಗೇ ಅರ್ಧ ತುಕ್ಕು ಬಿಡುತ್ತದೆ. ಗಾಡಿ ಮೇಲೇ ವೆಲ್ಡಿಂಗ್ ಮಾಡುವುದಾದರೆ ಇಂಜಿನ್ ಕಂಪ್ಯೂಟರಿನ ಪಿನ್ ತೆಗೆಯಬೇಕು, ಪೆಟ್ರೋಲ್ ಪೈಪುಗಳನ್ನು ಮುಚ್ಚಿ ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಬೇಕು.

ಹೆಡ್ ಮಟ್ಟಕ್ಕೇ ಮುರಿದಿದ್ದರೆ ಅಲ್ಲಿಗೆ ನಿಲ್ಲಿಸಿ ಲೇತ್ ಅಂಗಡಿಯವರನ್ನು ಕೇಳಿ. ಅಲ್ಯೂಮಿನಿಯಂ ಹೆಡ್‌ನಲ್ಲಿ ಡ್ರಿಲ್ ಸೊಟ್ಟ ಹೋದರೆ ನೀರಿನ ದಾರಿಗೆ ತೂತು ಬೀಳಬಹುದು. ಸ್ಟಡ್‌ನೊಳಗೆ ಸಿಕ್ಕಿಸಿ ತಿರುಗಿಸುವ ಎಕ್ಸ್‌ಟ್ರಾಕ್ಟರ್ ಅಲ್ಲೇ ಮುರಿದರೆ ಇನ್ನೂ ಕಷ್ಟ. ಅದು ಡ್ರಿಲ್‌ಗೆ ಬಗ್ಗದಷ್ಟು ಗಟ್ಟಿ ಉಕ್ಕು, ಹೆಡ್ ಇಳಿಸಲೇಬೇಕಾಗುತ್ತದೆ. ಮರೆ ಹಾಳಾಗಿದ್ದರೆ ಹೆಲಿಕಾಯಿಲ್ (ಹೊಸ ಮರೆ ಕೊಡುವ ತಂತಿ ಸುರುಳಿ) ಹಾಕಿಸಿ. ಒಂದಳತೆ ದೊಡ್ಡ ಬೋಲ್ಟ್ ಹೊಡೆಸಿದರೆ ಮ್ಯಾನಿಫೋಲ್ಡ್ ತೂತಿನಲ್ಲಿ ಹಿಗ್ಗಲು ಜಾಗ ಉಳಿಯದೆ ಅದೂ ಮುರಿಯುತ್ತದೆ.

ಬಿಚ್ಚಿದ ಮೇಲೆ ನೋಡಬೇಕಾದ್ದು

ಹಳೆ ಪ್ಯಾಕಿಂಗನ್ನು ಎಸೆಯುವ ಮುಂಚೆ ಓದಿ. ಸೋರಿದ ಕಡೆ ಅದರ ಮೇಲೆ ಕಪ್ಪು ದಾರಿ ಮೂಡಿರುತ್ತದೆ. ಒಂದೇ ತುದಿಯಲ್ಲಿದ್ದರೆ ಮ್ಯಾನಿಫೋಲ್ಡ್ ಸೊಟ್ಟಗಾಗಿರುವ ಸಾಧ್ಯತೆ ಹೆಚ್ಚು. ಹಳೆ ಗಾಡಿಗಳ ಪ್ಯಾಕಿಂಗ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಮಾಸ್ಕ್ ಹಾಕಿ, ನೀರು ಚಿಮುಕಿಸಿ ಒದ್ದೆಯಾಗಿಯೇ ಕೆರೆಯಿರಿ, ಏರ್ ಹೊಡೆದು ಧೂಳೆಬ್ಬಿಸಬೇಡಿ. ಪೋರ್ಟ್‌ಗಳಿಗೆ (ಹೆಡ್ಡಿನ ಹೊಗೆ ತೂತುಗಳಿಗೆ) ಬಟ್ಟೆ ತುರುಕಿಟ್ಟು, ಕೆಲಸ ಮುಗಿದಾಗ ಎಣಿಸಿ ತೆಗೆಯಿರಿ.

ಮ್ಯಾನಿಫೋಲ್ಡ್‌ನ ಮುಖದ ಉದ್ದಕ್ಕೂ ಸ್ಟೀಲಿನ ಸ್ಟ್ರೇಟ್ ಎಡ್ಜ್ ನಿಲ್ಲಿಸಿ ಸಂದಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) ತೂರಿಸಿ. ಸಣ್ಣ ಪೆಟ್ರೋಲ್ ಇಂಜಿನ್‌ಗಳಲ್ಲಿ 0.10 ಮಿ.ಮೀ. ಎಲೆ ಒಳಹೊಕ್ಕರೆ ಫೇಸಿಂಗ್, ಅಂದರೆ ಮುಖ ಮಟ್ಟ ಮಾಡಿಸಬೇಕು. ಎಲ್ಲ ಪೋರ್ಟ್‌ಗಳೂ ಒಂದೇ ಮಟ್ಟದಲ್ಲಿ ಬರುವಂತೆ ಒಟ್ಟಿಗೇ ಸರ್ಫೇಸ್ ಗ್ರೈಂಡಿಂಗ್ ಆಗಬೇಕು, ಕೈ ಗ್ರೈಂಡರ್‌ನಲ್ಲಿ ಉಜ್ಜಿದ್ದು ಮಟ್ಟವಾಗದು. ಹೆಡ್ ಕಡೆಯ ಮುಖಕ್ಕೂ ಇದೇ ಪರೀಕ್ಷೆ.

ಬಿರುಕಿದ್ದರೆ ನಮ್ಮ ಸಲಹೆ ಹೊಸ ಮ್ಯಾನಿಫೋಲ್ಡ್, ಇಲ್ಲವೇ ಗುಜರಿಯಲ್ಲಿ ಸಿಕ್ಕ ಒಳ್ಳೆಯದೊಂದು. ಸಿಗದ ಗಾಡಿಯಾದರೆ ವೆಲ್ಡಿಂಗ್, ಅದೂ ನಿಕಲ್ ರಾಡ್‌ನಲ್ಲಿ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಹೊಡೆದು, ಮ್ಯಾನಿಫೋಲ್ಡ್ ಪೂರ್ತಿ ಕಾಯಿಸಿ, ಬೆಸೆದು, ತೀರಾ ನಿಧಾನವಾಗಿ ಆರಿಸಬೇಕು. ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ಲುಗಳಲ್ಲಿ ಭತ್ತದ ಹೊಟ್ಟಿನ ಬೂದಿ ರಾಶಿ ಸಿಗುತ್ತದೆ. ಒಣ ಬೂದಿಯಲ್ಲಿ ಹೂತಿಟ್ಟು ಮಾರನೇ ದಿನ ತೆಗೆಯಿರಿ, ಕಾವು ಹಿಡಿದಿಡಲು ಅದಕ್ಕಿಂತ ಒಳ್ಳೆಯದು ಇಲ್ಲಿ ಸುಲಭಕ್ಕೆ ಸಿಗದು. ಮಾಮೂಲಿ ಎಂಎಸ್ (ಮೆದು ಉಕ್ಕಿನ) ರಾಡ್‌ನಲ್ಲಿ ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಏಳುತ್ತದೆ. ಎಂ-ಸೀಲ್ ಈ ಕಾವಿಗೆ ನಿಲ್ಲುವುದೇ ಇಲ್ಲ. ಎಕ್ಸಾಸ್ಟ್ ಪುಟ್ಟಿ ಊರು ಮುಟ್ಟುವವರೆಗಿನ ಉಪಾಯ, ಅಷ್ಟೇ.

ಮತ್ತೆ ಕೂರಿಸುವಾಗ

ಪ್ಯಾಕಿಂಗ್ ಗಾಡಿಯ ಮಾಡೆಲ್ ಹೇಳಿ ಕೊಂಡದ್ದೇ ಆಗಬೇಕು. ಹಾಳೆಯಿಂದ ಕತ್ತರಿಸಿ ಕೊಟ್ಟದ್ದು, ಕಲ್ನಾರು ದಾರ ಸುತ್ತಿದ್ದು ಬಾಳುವುದಿಲ್ಲ. ಒಣಗಿಯೇ ಕೂರಿಸಿ. ಸಿಲಿಕಾನ್ ಪೇಸ್ಟ್ ಬಳಿದರೆ ಸುಟ್ಟುಹೋಗುತ್ತದೆ, ಅದರ ಆವಿ ಆಕ್ಸಿಜನ್ ಸೆನ್ಸರನ್ನೂ ಕೆಡಿಸುತ್ತದೆ. ಸ್ಟಡ್ 8.8 ಬಲದ ದರ್ಜೆಯದ್ದಾಗಿರಲಿ, ಹಾರ್ಡ್‌ವೇರ್ ಅಂಗಡಿಯ ಜಿಐ (ಸತು ಲೇಪದ) ಬೋಲ್ಟ್ ಬೇಡ. ನಟ್ ತಾಮ್ರ ಲೇಪದ್ದು ಅಥವಾ ಪೂರ್ತಿ ಲೋಹದ ಲಾಕ್ ನಟ್. ನೈಲಾನ್ ರಿಂಗ್ ಇರುವ ನಟ್ ಕರಗುತ್ತದೆ. ಮರೆಗೆ ಆಂಟಿ ಸೀಜ್ (ನಟ್ ಹಿಡಿದುಕೊಳ್ಳದಂತೆ ತಡೆಯುವ) ಪೇಸ್ಟ್ ಚೂರು ಹಚ್ಚಿದ್ದರೆ ಬಿಗಿಯನ್ನು ತುಸು ಕಡಿಮೆ ಇಡಿ, ಜಾರುವ ಮರೆಗೆ ಅದೇ ಟಾರ್ಕ್ ಹೆಚ್ಚಾಗುತ್ತದೆ. ಎಲ್ಲ ನಟ್ ಕೈಯಿಂದ ಕೂರಿಸಿ, ನಡುವಿನಿಂದ ಹೊರಕ್ಕೆ ಎರಡು ಸುತ್ತಿನಲ್ಲಿ ಬಿಗಿಯಿರಿ, ಮೊದಲು ಅರ್ಧ, ಆಮೇಲೆ ಪೂರ್ತಿ. ಕೆಳಗಿನ ಪೈಪ್ ಕೊನೆಗೆ. ಅದು ತಾನಾಗಿ ಫ್ಲ್ಯಾಂಜ್‌ಗೆ ಬಂದು ಕೂರಬೇಕು; ಎಳೆದು ಕೂರಿಸಿದ ಪೈಪ್ ಮ್ಯಾನಿಫೋಲ್ಡ್ ಮೇಲೆ ಸದಾ ಭಾರ ಹಾಕುತ್ತದೆ.

ಹೊಸ ಪ್ಯಾಕಿಂಗ್ ಆರು ತಿಂಗಳಿಗೇ ಹೋದರೆ

ಪ್ಯಾಕಿಂಗ್ ಹೋಗುವುದು ಬಹಳ ಸಲ ಬೇರೆ ಯಾವುದೋ ದೋಷದ ಫಲ. ಇಂಜಿನ್ ಫೌಂಡೇಶನ್, ಅಂದರೆ ಇಂಜಿನ್ ಕೂರುವ ರಬ್ಬರ್, ಕೂತುಹೋಗಿದ್ದರೆ ಇಂಜಿನ್ ಪ್ರತಿ ಎಳೆತಕ್ಕೂ ಹೊರಳುತ್ತದೆ, ಸೈಲೆನ್ಸರ್ ಪೈಪ್ ಮಾತ್ರ ಬಾಡಿಗೆ ನೇತುಬಿದ್ದಿರುತ್ತದೆ. ನಡುವಿನ ಹೊಯ್ದಾಟವನ್ನೆಲ್ಲ ಮ್ಯಾನಿಫೋಲ್ಡ್ ಸ್ಟಡ್‌ಗಳೇ ತಾಳಬೇಕು. ಅದಿರು ಲಾರಿ ಓಡಿ ಗುಂಡಿ ಬಿದ್ದ ರಸ್ತೆಗಳಲ್ಲಿ ಫೌಂಡೇಶನ್ ಬೇಗ ಸಾಯುತ್ತದೆ, ಸೈಲೆನ್ಸರ್ ತೂಗುವ ರಬ್ಬರೂ ಹರಿಯುತ್ತದೆ. ಗಾಡಿ ಆಫ್ ಇದ್ದಾಗ ಅಡಿಯ ಪೈಪನ್ನು ಕೈಯಿಂದ ಅಲುಗಾಡಿಸಿ, ಯಾವ ರಬ್ಬರ್ ಇಲ್ಲ ಎಂದು ತಕ್ಷಣ ಗೊತ್ತಾಗುತ್ತದೆ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ, ಸ್ಟ್ಯಾಂಡ್ ಕೊಡಿ.

ಫೌಂಡೇಶನ್ ನೋಡಲು ಬಾನೆಟ್ ಎತ್ತಿ, ಹ್ಯಾಂಡ್ ಬ್ರೇಕ್ ಹಾಕಿ, ಸೀಟಿನಲ್ಲಿ ಅನುಭವಿ ಡ್ರೈವರ್ ಕೂತು ಬ್ರೇಕ್ ಒತ್ತಿ ಹಿಡಿದು ಮೊದಲ ಗೇರಿಗೆ, ಆಮೇಲೆ ರಿವರ್ಸ್‌ಗೆ ಕ್ಲಚ್ ಸ್ವಲ್ಪ ಬಿಡಲಿ. ನೋಡುವವರು ಬದಿಯಲ್ಲಿ ನಿಲ್ಲಿ, ಮುಂದೆಯೂ ಹಿಂದೆಯೂ ಯಾರೂ ಇರಬಾರದು. ಇಂಜಿನ್ ಎರಡು ಬೆರಳಿಗಿಂತ ಹೆಚ್ಚು ಹೊರಳಿದರೆ ಫೌಂಡೇಶನ್ ಬದಲಿಸಿಯೇ ಪ್ಯಾಕಿಂಗ್ ಹಾಕಿ.

ಮ್ಯಾನಿಫೋಲ್ಡ್ ಮಿತಿಮೀರಿ ಕಾಯುವುದಕ್ಕೆ ತಡವಾದ ಇಗ್ನಿಷನ್ ಟೈಮಿಂಗ್, ಗ್ಯಾಸ್ ಕಿಟ್ಟಿನಲ್ಲಿ ಕಡಿಮೆ ಮಾಡಿಟ್ಟ ಗ್ಯಾಸ್, ಕಟ್ಟಿಕೊಂಡ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಕಾರಣ. ರಾತ್ರಿ ಹೊತ್ತು ಮ್ಯಾನಿಫೋಲ್ಡ್ ಐಡ್ಲಿಂಗಿನಲ್ಲೇ ಕೆಂಪಗೆ ಹೊಳೆಯುತ್ತಿದ್ದರೆ ಆ ಗಾಡಿಯನ್ನು ಮುಂದೆ ಓಡಿಸದೆ ಇದನ್ನು ಮೊದಲು ನೋಡಿಸಿ.

ಕೆಲಸ ಮುಗಿದ ಮೇಲೆ ಹತ್ತು ನಿಮಿಷ ಓಡಿಸಿದಾಗ ಎಣ್ಣೆ, ಸ್ಪ್ರೇ ಸುಟ್ಟು ತುಸು ಹೊಗೆ ಏಳುವುದು ಸಹಜ. ಮೂರು ನಾಲ್ಕು ಸಲ ಕಾದು ತಣ್ಣಗಾದ ಮೇಲೆ, ತಣ್ಣಗಿರುವಾಗಲೇ, ಅದೇ ಕ್ರಮದಲ್ಲಿ ಇನ್ನೊಮ್ಮೆ ಟಾರ್ಕ್ ನೋಡಿ. ಪ್ಯಾಕಿಂಗ್ ಪೊಟ್ಟಣದ ಮೇಲೆ ಮರುಬಿಗಿ ಬೇಡ ಎಂದಿದ್ದರೆ ಮಾತ್ರ ಮುಟ್ಟಬೇಡಿ.